ಹಾಲು ಕರೆಯುವ ಹೊತ್ತು

ಬೇಕರಿಯ ಬನ್ನಿನ ಮೇಲಿನ ಎಳ್ಳು ಅಂತ್ಯಕರ್ಮಕ್ಕೆ ಸಲ್ಲುತ್ತದೆಯೇ ಎಂಬ ಗಹನವಾದ ಪ್ರಶ್ನೆ, ೨೦೦೧ರ ನವೆಂಬರಿನ ಒಂದು ಮಧ್ಯಾಹ್ನ, ಜರ್ಮನಿಯ ರೆನ್ನಿಂಗೆನ್ ಬಳಿಯ ಹಳ್ಳಿಯೊಂದರ ಅಡುಗೆಮನೆಯಲ್ಲಿ ಎದ್ದಿತು. ಚಂದನ್ ಆಗಲೇ ಎಂಟನೆಯ ಬನ್ನನ್ನು ಚಾಕುವಿನಿಂದ ಕೆರೆಯುತ್ತಿದ್ದ.

“ಮಗಾ, ಇದು ಬೇಕ್ ಆಗಿರೋ ಎಳ್ಳು ಕಣೋ. ನಡೆಯುತ್ತಾ?” ಎಂದ ಮಾಧವ್.

“ದರ್ಭೆ ಬದ್ಲು ಓಟ್ಸ್ ಹುಲ್ಲು ಹಿಡ್ಕೊಂಡ್ ನಿಂತಿದೀಯ. ನೀನು ಕ್ವಾಲಿಟಿ ಚೆಕ್ ಮಾಡ್ಬೇಡ ಗುರು.”

ಸಾಫ್ಟ್‌ವೇರ್ ಕೆಲಸಕ್ಕೆ ಜರ್ಮನ್ ಗ್ರೀನ್ ಕಾರ್ಡ್ ಮೇಲೆ ಬಂದು ವರ್ಷ ತುಂಬದ ಈ ಇಬ್ಬರಿಗೆ ಸತ್ತವರ ಪರಿಚಯ ಇಷ್ಟೇ: ಭಾನುವಾರ ಹೋದರೆ ಹಾಲು, ಮೊಟ್ಟೆ ಕೊಟ್ಟು ಕೂರಿಸಿಕೊಂಡು ಕನ್ನಡ ಮಾತಾಡಿಸುತ್ತಿದ್ದರು. ದ್ವಾರಕನಾಥರು ಕೃಷಿವಿಜ್ಞಾನ ಓದಲು ಬಂದು, ಹಿಲ್ಡೆಯನ್ನು ಮದುವೆಯಾಗಿ, ಮಾವ ಗಾಟ್ಲೋಬನ ಜಮೀನಿನಲ್ಲಿ ಮೂವತ್ತೆರಡು ವರ್ಷ ದುಡಿದರು. ರೈ, ಆಲೂಗಡ್ಡೆ, ಸೇಬು, ಹಂದಿ, ಕೋಳಿ, ಹನ್ನೊಂದು ಹಸು. ಪಿಎಚ್‌ಡಿಯೊಂದು ಮಾತ್ರ ಫಸಲಿಗೆ ಬರಲಿಲ್ಲ.

ತೊಂಬತ್ತು ದಾಟಿದ್ದರೂ ಯಜಮಾನ ಗಾಟ್ಲೋಬನೇ. ಜಮೀನನ್ನು ತನಗೆ ಬಿಡು ಎಂದು ಮೊಮ್ಮಗಳು, ದ್ವಾರಕನಾಥರ ಮಗಳು ವೇದಾ ಕೇಳಿದ್ದಳು. ಇಲ್ಲವಾದರೆ ಹೊಲ ಪಕ್ಕದವರಿಗೆ ಗುತ್ತಿಗೆ, ಹಸುಗಳು ವ್ಯಾಪಾರಿಗೆ.

“ಹೂಳಿದ ಮೇಲೆ ಹೇಳುತ್ತೇನೆ,” ಎಂದಿದ್ದ ಮುದುಕ. “ನಾಲ್ಕೂವರೆಗೆ ಹಾಲು ಕರೆಯಬೇಕಾದವಳು ನೀನು. ಹೊತ್ತು ತಪ್ಪಿಸುವವರ ಕೈಗೆ ನಾನು ಕೊಟ್ಟಿಗೆ ಕೊಡುವುದಿಲ್ಲ.”

*

೧೯೭೯ರ ಜೂನ್‌ನಲ್ಲಿ ತಿಪಟೂರಿನಿಂದ ಟೆಲಿಗ್ರಾಂ ಬಂದಾಗ ದ್ವಾರಕನಾಥರು ಮೂರನೆಯ ಹಸುವಿನ ಬಳಿ ಕೂತಿದ್ದರು. ಓದಿ, ಮಡಿಸಿ, ಜೇಬಿಗಿಟ್ಟು, ಉಳಿದ ಹಸುಗಳ ಹಾಲು ಕರೆದರು. ಆಮೇಲೆ ಕೊಟ್ಟಿಗೆಯ ನಲ್ಲಿಯಡಿ ತಲೆಗೆ ಸ್ನಾನ ಮಾಡಿದರು.

“ಹೋಗು,” ಎಂದಳು ಹಿಲ್ಡೆ. “ನಿನ್ನ ತಾಯಿ.”

“ಹುಲ್ಲು ಕೊಯ್ದು ಬಿದ್ದಿದೆ. ಮಳೆ ಬಂದರೆ?”

ಅಂದು ಊಟಕ್ಕೆ ಕೂತಾಗ ಗಾಟ್ಲೋಬ್ ಹತ್ತು ವರ್ಷದಲ್ಲಿ ಮೊದಲ ಸಲ ಅಳಿಯನ ಲೋಟಕ್ಕೆ ತನ್ನ ಕೈಯಾರೆ ಸೇಬಿನ ಮದ್ಯ ಸುರಿದ. ದ್ವಾರಕನಾಥರು ಕುಡಿಯುವವರಲ್ಲ. ಕುಡಿದರು. ಮಳೆ ಹನ್ನೆರಡು ದಿನ ಬರಲಿಲ್ಲ.

*

ದಿಬ್ಬದ ಮೇಲಿನ ಸ್ಮಶಾನದಲ್ಲಿ ಪಾದ್ರಿ ಚುಟುಕಾಗಿ ಮುಗಿಸಿದರು. ಚಂದನ್ ಮಂತ್ರಗಳ ಪ್ರಿಂಟ್‌ಔಟ್ ಬಿಡಿಸಿದ.

“ಅಕ್ಕಾ, ಸಾರಿ, ಇದನ್ನ ಗಂಡು ಮಕ್ಕಳು ಮಾಡೋದು…”

“ಗಂಡು ಮಕ್ಳು ಇಲ್ಲ. ನಾನು ಇದೀನಿ. ಪುಂಕ್ಟ್,” ಎಂದಳು ವೇದಾ. ಅಪ್ಪನಿಂದ ಕಲಿತ ಕನ್ನಡ, ಅಮ್ಮನಿಂದ ಬಂದ ಪೂರ್ಣವಿರಾಮ.

ಪ್ರತಿ ಮಂತ್ರಕ್ಕೂ ಎಳ್ಳು ಬಿಟ್ಟಳು. ಚಂದನ್ ಎಡವುತ್ತ ಓದಿದ. ತಪ್ಪಿದಲ್ಲೆಲ್ಲ ಭಯಕ್ಕೆ ಎರಡು ಸಲ ಓದಿದ. ಬೆಳಕು ಇಳಿಯತೊಡಗಿತು. ದಿಬ್ಬದ ಕೆಳಗಿನ ಕೊಟ್ಟಿಗೆಯಿಂದ ಒಂದು ಹಸು ಕೂಗಿತು. ಆಮೇಲೆ ಎರಡು. ಗಾಟ್ಲೋಬ್ ಗಡಿಯಾರ ತೆಗೆದು, ಎಲ್ಲರಿಗೂ ಕಾಣುವಂತೆ ನೋಡಿದ. ನಾಲ್ಕೂ ಇಪ್ಪತ್ತು.

“ಇನ್ನೂ ನಾಲ್ಕು ಪೇಜ್ ಇದೆ ಅಕ್ಕಾ,” ಚಂದನ್ ಪಿಸುಗುಟ್ಟಿದ. “ಸ್ಕಿಪ್ ಮಾಡ್ಲಾ? ಯಾರಿಗೂ ಗೊತ್ತಾಗಲ್ಲ.”

ವೇದಾ ಅಜ್ಜನನ್ನು ನೋಡಿದಳು. ಹಸುಗಳು ಈಗ ಒಟ್ಟಿಗೇ ಕೂಗುತ್ತಿದ್ದವು.

“ನೈನ್, ಬೇಡ. ಎಲ್ಲಾ ಓದು.”

ಮುದುಕ ಕೋಲೂರಿಕೊಂಡು ದಿಬ್ಬ ಇಳಿದ. ಹಿಲ್ಡೆ ಅವನ ಹಿಂದೆ ಒಂದು ಹೆಜ್ಜೆ ಇಟ್ಟವಳು ನಿಂತಳು, ಮಗಳ ಪಕ್ಕಕ್ಕೆ ವಾಪಸಾದಳು.

ಅವರು ಕೊಟ್ಟಿಗೆಗೆ ಬಂದಾಗ ಐದು ಕಳೆದಿತ್ತು. ನಾಲ್ಕು ಹಸುಗಳಿಗೇ ಕೈಸೋತು, ಗಾಟ್ಲೋಬ್ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಿದ್ದ.

“ಟೆಲಿಗ್ರಾಂ ಬಂದ ದಿನ ನಿನ್ನಪ್ಪ ಹಾಲು ಕರೆದಿದ್ದ.”

“ಗೊತ್ತು, ಓಪಾ. ಅದಕ್ಕೇ ಇವತ್ತು ಎಲ್ಲವನ್ನೂ ಮುಗಿಸಿ ಬಂದೆ.”

ಅವಳು ಕೋಟು ಕಳಚಿ, ಉಳಿದ ಏಳನ್ನೂ ಕರೆದಳು. ಮುದುಕ ಕೂತೇ ಇದ್ದ.

ಸೋಮವಾರ ವ್ಯಾಪಾರಿಯ ಲಾರಿ ಬಂತು. ಹನ್ನೊಂದೂ ಹೋದವು.