ತೊಡೆಸಂದಿಯ ಹೊಲಿಗೆ

"ಓರೆ ಮಾಡ್ರಪ್ಪಾ, ಇನ್ನೂ ಓರೆ! ಗೋಡೆ ಏನು ಜರುಗುತ್ತಾ?"

ಎರಡನೇ ಮಹಡಿಯ ತಿರುವಿನಲ್ಲಿ ಶವದ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಇಂಥ ಮೆಟ್ಟಿಲುಗಳಲ್ಲೇ ಮೂವತ್ತು ವರ್ಷ, ಬೆಟ್ಟದಂಥ ಬೀರುಗಳನ್ನು ಹಸುಗೂಸಿನ ಹಾಗೆ ಇಳಿಸಿದ ಅಪ್ಪ, ತಾನು ಇಳಿಯುವ ಹೊತ್ತಿಗೆ ಮೊಂಡು ಹಿಡಿದಿದ್ದ. ಮಗಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

"ಹರ್ನಿಯಾ ಅಂದ್ರೆ ಹಲ್ಲು ಕೀಳಿಸಿದಷ್ಟೇ ಅಂದಿದ್ರಲ್ಲೇ ಡಾಕ್ಟರು?" ಸೋದರತ್ತೆ ಬೆಳಿಗ್ಗೆಯಿಂದ ಹತ್ತನೇ ಸಲ ಕೇಳಿದಳು.

"ಆಪರೇಷನ್ ಚೆನ್ನಾಗೇ ಆಗಿತ್ತು ಅತ್ತೆ. ಆಮೇಲೆ ಕರುಳು ಮತ್ತೆ ಜಾರದ ಹಾಗೆ ಒಳಗೆ ಹಾಕಿದ ಬಲೆಗೆ ಕೀವು ಹಿಡೀತು, ನಂಜು ರಕ್ತಕ್ಕೇರ್ತು. ಒಂದು ಮಾತು ಬಾಯಿಬಿಟ್ಟಿದ್ರೆ ಉಳೀತಿದ್ದ. ಬಿಡ್ಲಿಲ್ಲ, ಮೊಂಡ!"

ಕತೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದೆ. ಅಪ್ಪನದು ಅಂಗೈಯಷ್ಟಗಲದ ಹೊಲಿಗೆಯ ಕೆಳಗಿತ್ತು. ಆದರೂ ಯಾರಿಗೂ ಸಿಗಲಿಲ್ಲ.

*

ಆಪರೇಷನ್ ಆದ ಹತ್ತನೇ ದಿನ, ಡಾಕ್ಟರ ಕೋಣೆಯಲ್ಲಿ ಅವಳು ಅಪ್ಪನ ಕುರ್ಚಿಗೆ ಅಂಟಿಕೊಂಡೇ ಕೂತಿದ್ದಳು. ತಾಯಿ ಹೋದಾಗಿನಿಂದ ಅಪ್ಪನ ಬಾಯಿ, ಕಿವಿ, ನೆನಪು ಎಲ್ಲ ಅವಳೇ.

"ತೊಡೆಸಂದಿಯಲ್ಲಿ ನೋವು, ಊತ ಏನಾದ್ರೂ?"

"ಏನಿಲ್ಲ ಡಾಕ್ಟರೇ," ಅವಳೇ ಅಂದಳು. "ಊಟ, ನಿದ್ದೆ ಎಲ್ಲಾ ಸರಿಯಾಗಿದೆ."

"ಒಂದ್ಸಲ ನೋಡ್ಬಿಡೋಣ. ಮಲಗಿ."

ಅಪ್ಪ ಸೊಂಟದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮಗಳ ಕಡೆ ನೋಡಿದ, ಬಾಗಿಲ ಕಡೆ ನೋಡಿದ. "ಬೇಡ ಬಿಡಿ. ಒಣಗಿದೆ."

"ತೋರ್ಸಪ್ಪಾ, ಮಕ್ಕಳ ಥರ ಆಡ್ಬೇಡ!"

ಅವಳು ಗದರಿದ್ದೇ ತಡ, ಅಪ್ಪ ಎದ್ದೇಬಿಟ್ಟ. ಹೊರಗೆ ಸಾಲು ಉದ್ದವಿತ್ತು. ಡಾಕ್ಟರು ಮುಂದಿನವರನ್ನು ಕರೆದರು.

*

ಅಂತೂ ಪೆಟ್ಟಿಗೆ ಕೆಳಗಿಳಿದು, ಸೈಕಲ್ ನಿಲ್ಲಿಸುವ ಕೋಣೆಯಲ್ಲಿ ಕೂತಿತು. ಅಪ್ಪನ ಜೊತೆ ಬೀರು ಹೊರುತ್ತಿದ್ದ ಗೆಳೆಯ ಬೆವರು ಒರೆಸಿಕೊಂಡ. ಅವಳು ಅವನನ್ನು ಮಾವ ಎಂದೇ ಕರೆಯುತ್ತಿದ್ದಳು.

"ನಿಮಗೂ ಹೇಳಿರ್ಲಿಲ್ವಾ ಮಾವ?"

ಅವನು ಟವೆಲನ್ನು ಮಡಿಸಿದ, ಬಿಚ್ಚಿದ. "ತೋರಿಸಿದ್ದ ಕಣಮ್ಮ. ನೀವು ಡಾಕ್ಟರ ಹತ್ರ ಹೋಗೋ ಹಿಂದಿನ ದಿನ. ಚೆಂಡಿನ ಹಾಗೆ ಊದ್ಕೊಂಡಿತ್ತು. ನಾಳೆ ಅವರಿಗೇ ತೋರ್ಸೋ ಅಂತ ಬೈದೆ."

"ಮತ್ಯಾಕೆ ತೋರಿಸ್ಲಿಲ್ಲ? ನಾನು ಪಕ್ಕದಲ್ಲೇ ಇದ್ನಲ್ಲ!"

"ಅದಕ್ಕೇ."

ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡ.

"ಬೆಳೆದ ಮಗಳೆದುರು ಹೆಂಗೋ ಬಿಚ್ಲಿ, ಆಚೆ ಹೋಗು ಅಂದ್ರೆ ಎಲ್ಲಿ ನೊಂದ್ಕೋತಾಳೋ, ಅಂತಿದ್ದ. ನಿನಗೆ ಹೇಳ್ಬಾರ್ದು ಅಂತ ನನ್ನ ಕೈಲಿ ಆಣೆ ಬೇರೆ ಹಾಕಿಸ್ಕೊಂಡ."

ಎರಡು ನಿಮಿಷ. ಎರಡೇ ನಿಮಿಷ ತಾನು ಹೊರಗೆ ಎದ್ದು ಹೋಗಿದ್ದರೆ ಸಾಕಿತ್ತು.

ಪೆಟ್ಟಿಗೆ ತಂದಿದ್ದ ಅಂಗಡಿಯವನು ಮುಚ್ಚಳ ಸರಿಸಿ ಒಳಗೆ ಇಣುಕಿದ. "ಓರೆ ಮಾಡಿದ್ದಕ್ಕೆ ಸೊಂಟದ ಬಟ್ಟೆ ಜಾರಿದೆ. ಮನೆಯವರು ಯಾರಾದ್ರೂ ಸರಿ ಮಾಡ್ತೀರಾ?"

ಅವಳ ಕೈ ತಾನಾಗಿಯೇ ಮುಂದೆ ಹೋಯಿತು. ಅರ್ಧದಲ್ಲಿ ನಿಂತಿತು.

"ಮಾವ, ನೀವು ಮಾಡಿ."

ಅವಳು ಅತ್ತೆಯ ತೋಳು ಹಿಡಿದು ಹೊರಗೆ ಬಂದು ಬಾಗಿಲೆಳೆದುಕೊಂಡಳು.

"ಇದೇನೇ! ಕೊನೇ ಹೊತ್ತಲ್ಲಿ ಅಪ್ಪನ ಹತ್ರ ಇರೋದು ಬಿಟ್ಟು?"

ಅವಳು ಬಾಗಿಲಿಗೆ ಬೆನ್ನು ಕೊಟ್ಟು, ಬೀದಿಗೆ ಮುಖ ಮಾಡಿ, ಒಳಗಿನವರು ಕರೆಯುವವರೆಗೂ ಹಾಗೇ ನಿಂತಿದ್ದಳು.