ಗೀರು

“ಇಳಿಸಿ,” ಎಂದಳು ದಿಯೊಲಿಂದಾ.

ಶವಪೆಟ್ಟಿಗೆ ಹೊತ್ತವರು ಚರ್ಚಿನ ಬಾಗಿಲಲ್ಲೇ ನಿಂತರು. ಹಿಮ ಕರಗಲೆಂದು ಮೆಟ್ಟಿಲಿಗೆ ಎರಚಿದ್ದ ಹರಳುಪ್ಪು ಅವರ ಬೂಟಿನಡಿ ಕರಕರ ಎನ್ನುತ್ತಿತ್ತು. ಮುಂದೆ ಹೆಗಲು ಕೊಟ್ಟಿದ್ದ ಜಿಲ್ಬರ್ಟೊ ಕತ್ತು ತಿರುಗಿಸಿ ನೋಡಿದ. ಸತ್ತವನ ಅಣ್ಣ ಅವನು. ನೆಲಕ್ಕೆ ಹಲಗೆ ಹಾಸುವ ತಂಡದ ಮೇಸ್ತ್ರಿಯೂ ಅವನೇ.

“ಬಾಗಿಲಲ್ಲಿ ಯಾಕಮ್ಮಾ? ಒಳಗೆ ಫಾದರ್ ಕಾಯ್ತಾ ಇದ್ದಾರೆ.”

“ನಿಮ್ಮ ತಮ್ಮಂದು ಒಂದು ಹರಕೆ ಬಾಕಿ ಇದೆ, ಭಾವ. ಆಸ್ಪತ್ರೇಲಿ ಹೊತ್ಕೊಂಡ್ರು. ಈ ಬಾಗಿಲಿಂದ ಬಲಿಪೀಠದ ತನಕ ಮಂಡೀಲಿ ಬರ್ತೀನಿ ಅಂತ.”

ಸುತ್ತ ನಿಂತವರು ಶಿಲುಬೆಯ ಗುರುತು ಮಾಡಿಕೊಂಡರು. ಪೋರ್ಚುಗಲ್ಲಿನ ಅಜೋರ್ಸ್ ದ್ವೀಪಗಳಿಂದ ಬಂದ ಇವರಿಗೆ ಹರಕೆಯೆಂದರೆ ಹುಡುಗಾಟವಲ್ಲ. ಹೊತ್ತವನು ತೀರಿಸದೆ ಸತ್ತರೆ ಒಡಹುಟ್ಟಿದವರು ತೀರಿಸಬೇಕು, ಇಲ್ಲದಿದ್ದರೆ ಆ ಜೀವಕ್ಕೆ ದಾರಿ ಸಿಗುವುದಿಲ್ಲ. ಟೊರಾಂಟೊಗೆ ಬಂದು ಮನೆಮಠ ಕಟ್ಟಿದ ಮೇಲೂ ಈ ಭಯವೊಂದು ಅವರ ಜೊತೆಗೇ ಇತ್ತು.

“ಹಾಗಾದ್ರೆ ನೀನೇ ಹೋಗ್ಬೇಕು, ಜಿಲ್ಬರ್ಟೊ,” ಎಂದಳು ಪಕ್ಕದ ಮನೆಯ ಮುದುಕಿ ಇಡಾಲಿನಾ. “ಒಡಹುಟ್ಟಿದವರು ಇನ್ಯಾರಿದ್ದಾರೆ? ಪಾಪ, ಅವನನ್ನ ಅಲೆಯೋಕೆ ಬಿಡ್ತೀಯಾ?”

ನಿಜ ಹೇಳಬೇಕೆಂದರೆ ಅವಳ ಗಂಡ ಬೆಲ್ಮಿರೊ ಅಂಥ ಹರಕೆ ಹೊತ್ತೇ ಇರಲಿಲ್ಲ. ನಿನ್ನೆ ಅವನ ಕೋಟಿಗೆ ಇಸ್ತ್ರಿ ಹಾಕುತ್ತ ದಿಯೊಲಿಂದಾ ಅದನ್ನು ಹುಟ್ಟುಹಾಕಿದ್ದಳು. ದೇವರಿಗೆ ಸುಳ್ಳು ಹೇಳಿದ ಪಾಪ ತನಗೇ ಬರಲಿ ಎಂದು ಅವಳು ಆಗಲೇ ಒಪ್ಪಿಕೊಂಡಾಗಿತ್ತು.

* * *

ಕೆಲವು ವರ್ಷಗಳ ಹಿಂದೆ, ನೆಲದ ಕೆಲಸಕ್ಕೆ ಮಂಡಿಗೆ ಕಟ್ಟುವ ಪ್ಯಾಡು ಕೊಳ್ಳಲು ಗಂಡ ಹೆಂಡತಿ ಜೊತೆಗೆ ಹೋಗಿದ್ದರು. ಅಣ್ಣನ ತಂಡದಲ್ಲೇ ಕೆಲಸಕ್ಕಿದ್ದ ಬೆಲ್ಮಿರೊ ಒಂದೊಂದು ಜೊತೆ ಕಟ್ಟಿಕೊಂಡು ಅಂಗಡಿಯ ಕಪಾಟುಗಳ ನಡುವೆ ಮಂಡಿಯಲ್ಲೇ ಓಡಾಡಿದ. ಗಿರಾಕಿಗಳು ನೋಡಿ ನಗುತ್ತಿದ್ದರು.

“ಎದ್ದೇಳ್ರೀ, ಮಾನ ಹೋಗ್ತಿದೆ. ಇದು ತಗೊಳ್ಳಿ, ಪ್ಲಾಸ್ಟಿಕ್ ಚಿಪ್ಪು ಹೆಂಗೆ ಹೊಳೀತಾ ಇದೆ!”

“ಚಿಪ್ಪಿಂದು ಸಿಮೆಂಟ್ ನೆಲಕ್ಕೆ ಸರಿ ಕಣೇ. ಪಾಲಿಶ್ ಆದ ಮರದ ಮೇಲೆ ಬೇಡ. ಅಡೀಲಿ ಒಂದು ಮರಳುಕಾಳು ಸಿಕ್ಕಿದ್ರೆ ಉಳಿ ಎಳೆದ ಹಾಗೆ ಗೀರು ಬೀಳುತ್ತೆ. ನಂಗೆ ಬಟ್ಟೆ ಮುಖದ್ದೇ ಬೇಕು. ಪಟ್ಟಿ ಒಳಗೆ ಬೆರಳು ಹಾಕಿ ನೋಡು, ಬಿಗಿ ಆಯ್ತಾ?”

ಅವಳು ಮಂಡಿಯ ಹಿಂದೆ ಬೆರಳು ತೂರಿಸಿ ನೋಡಿದಳು. ಪಟ್ಟಿ ನರ ಒತ್ತುತ್ತಿರಲಿಲ್ಲ. ನೀಲಿ ಬಟ್ಟೆಯ ಆ ಜೊತೆಯನ್ನೇ ತಂದರು.

ಸ್ವಲ್ಪ ದಿನಕ್ಕೆ ಶ್ರೀಮಂತರೊಬ್ಬರ ಊಟದ ಕೋಣೆಯಲ್ಲಿ, ಪಾಲಿಶ್ ಆಗಿದ್ದ ನೆಲದ ಮೇಲೆ ಉದ್ದದೊಂದು ಗೀರು ಕಂಡಿತು. ಚಿಪ್ಪಿನ ಪ್ಯಾಡು ಕಟ್ಟುತ್ತಿದ್ದವನು ಜಿಲ್ಬರ್ಟೊ ಒಬ್ಬನೇ. ಆ ಮೂಲೆಯಲ್ಲಿ ಗೋಡೆಯಂಚಿನ ಮರದ ಪಟ್ಟಿ ಕೂರಿಸಿದವನೂ ಅವನೇ, ಉಳಿದವರು ಹೊರಗೆ ಹಲಗೆ ಕೊಯ್ಯುತ್ತಿದ್ದರು. ಆದರೆ ಮನೆಯೊಡತಿ ಕೂಗಾಡಿದಾಗ ಅವನು ತಮ್ಮನ ಕಡೆ ಬೆರಳು ಮಾಡಿದ. ಎಲ್ಲರೆದುರು ನೀಲಿ ಪ್ಯಾಡು ಕಿತ್ತು ಕಸದ ತೊಟ್ಟಿಗೆ ಎಸೆದ.

“ಈ ಬಟ್ಟೆ ಮರಳು ಹಿಡಿಯುತ್ತೆ, ಅದಕ್ಕೇ ಗೀರು. ಇನ್ಮೇಲೆ ನೀನು ಬರಿ ಮಂಡೀಲಿ ಕೆಲಸ ಮಾಡು. ಆಗ ಬುದ್ಧಿ ಬರುತ್ತೆ.”

ಮೇಸ್ತ್ರಿಯ ಮಾತಿಗೆ ಎದುರಾಡುವವರಿರಲಿಲ್ಲ. ಅಂದಿನಿಂದ ಕಸುಬಿನವರ ಬಾಯಲ್ಲಿ ಅವನು ‘ಗೀರು ಬೆಲ್ಮಿರೊ’ ಆದ. ಒಳ್ಳೆಯ ಮನೆಯವರು ಅವನನ್ನು ಕಳಿಸಬೇಡಿ ಎನ್ನುತ್ತಿದ್ದರು. ಅವನು ಗೋಣಿಚೀಲ ಮಡಚಿ ಮಂಡಿಯಡಿ ಹಾಕಿಕೊಂಡ. ತೊಟ್ಟಿಯಿಂದ ಎತ್ತಿ ತಂದ ಪ್ಯಾಡನ್ನು ದಿಯೊಲಿಂದಾ ಒಗೆದು ಗೂಟಕ್ಕೆ ನೇತುಹಾಕಿದಳು. ಅದು ಅಲ್ಲೇ ಉಳಿಯಿತು.

ಕಡೆಯ ಕೆಲಸ ಇದೇ ಚರ್ಚಿನದು. ಹಳೆಯ ಕಾರ್ಪೆಟ್ ಕಿತ್ತು ಕಡುಗಂದು ಓಕ್ ಹಲಗೆ ಹಾಸುವಾಗ, ಉಳಿದುಹೋಗಿದ್ದ ತುಕ್ಕು ಮೊಳೆಯೊಂದು ಗೋಣಿ ತೂರಿ ಮಂಡಿಗೆ ಇಳಿಯಿತು. ಅವನು ಯಾರಿಗೂ ಹೇಳದೆ ನೆಲ ಮುಗಿಸಿದ. ಮಂಡಿ ಬಾತು, ಕೀವಾಗಿ, ನಂಜು ರಕ್ತಕ್ಕೇರಿತು. ಆಸ್ಪತ್ರೆಯಲ್ಲಿ ಜ್ವರದ ನಡುವೆ ಅವಳ ಕೈ ಹಿಡಿದು ಎಲ್ಲ ಹೇಳಿದ.

“ಆ ಗೀರು ನಂದಲ್ಲ ಕಣೇ. ಅಣ್ಣಂದು.”

“ಅವತ್ತೇ ಬಾಯಿ ಬಿಡೋಕೆ ಏನಾಗಿತ್ತು ನಿಮಗೆ?”

“ಅಣ್ಣ ಅಲ್ವಾ…”

ಆ ಮಾತಿಗೆ ಅವಳ ಮೈಯೆಲ್ಲ ಉರಿದುಹೋಯಿತು. ಸಾಯುತ್ತಿದ್ದ ಗಂಡನ ಮೇಲೂ ಸಿಟ್ಟು ಬಂತು. ಆ ಅಡ್ಡಹೆಸರು ಹೊತ್ತು ಅವನು ಮಣ್ಣಿಗೆ ಹೋಗಕೂಡದು ಎಂದು ಅವಳು ಅಲ್ಲೇ ಹಲ್ಲು ಕಚ್ಚಿ ನಿಶ್ಚಯಿಸಿದಳು.

* * *

ಪೆಟ್ಟಿಗೆ ಇಳಿಸಿ ಜಿಲ್ಬರ್ಟೊ ಜನರ ಮುಖ ನೋಡಿದ. ಕಸುಬಿನವರೆಲ್ಲ ಅಲ್ಲೇ ಇದ್ದರು. ಬರಿ ಮಂಡಿಯಲ್ಲೇ ಹೋಗುತ್ತೇನೆಂದು ಹೊಸ್ತಿಲಲ್ಲಿ ಮಂಡಿಯೂರಿದ. ಹಿಂದೊಮ್ಮೆ ಆಪರೇಷನ್ ಆಗಿದ್ದ ಅವನ ಮಂಡಿ ಮರಕ್ಕೆ ತಾಗಿದ್ದೇ “ಅಯ್ಯಮ್ಮಾ!” ಎಂದು ಬಾಗಿಲು ಹಿಡಿದುಕೊಂಡ.

“ನೋಯುತ್ತಾ ಭಾವ? ಅವರಿಗೆ ನೋವೇ ಆಗ್ತಿರ್ಲಿಲ್ಲ ಅನ್ಸುತ್ತೆ,” ಎಂದಳು ದಿಯೊಲಿಂದಾ. ಚೀಲದಿಂದ ಎರಡು ಜೊತೆ ಪ್ಯಾಡು ತೆಗೆದು ಅವನ ಮುಂದಿಟ್ಟಳು. ಒಂದು ನೀಲಿ ಬಟ್ಟೆಯದು. ಇನ್ನೊಂದು ಕರಿಚಿಪ್ಪಿನ ಅವನದೇ ಜೊತೆ, ತಂಡದ ಹಳಬ ಟೊಬಿಯಾಸ್ ವ್ಯಾನಿನಿಂದ ತಂದುಕೊಟ್ಟಿದ್ದ. “ಕಟ್ಕೊಳ್ಳಿ. ಯಾವುದು ಬೇಕೋ ಆರಿಸ್ಕೊಳ್ಳಿ.”

ಟೊಬಿಯಾಸ್ ಗಟ್ಟಿಯಾಗಿಯೇ ಹೇಳಿದ: “ಬಟ್ಟೇದು ತಗೋ, ಮೇಸ್ತ್ರಿ. ಹೊಸ ನೆಲ.”

ಜಿಲ್ಬರ್ಟೊನ ಕೈ ನೀಲಿಯ ಕಡೆ ಹೋಯಿತು. ನಲವತ್ತು ವರ್ಷ ನೆಲ ಹಾಸಿದ ಕೈ, ಅದಕ್ಕೆ ಬೇರೆ ದಾರಿ ಗೊತ್ತಿರಲಿಲ್ಲ.

“ಬಟ್ಟೇದೇ ಗೀರು ಹಾಕೋದು ಅಂತ ನೀವೇ ಅಲ್ವಾ ಭಾವ ಹೇಳಿದ್ದು?”

ಕೈ ಅಲ್ಲೇ ನಿಂತಿತು.  ನೀಲಿ ತೆಗೆದುಕೊಂಡರೆ ಅಂದಿನ ಸುಳ್ಳನ್ನು ತಾನೇ ಒಪ್ಪಿದಂತೆ. ಅವನು ಅವಳನ್ನು ದುರುಗುಟ್ಟಿ ನೋಡಿ ಕರಿಚಿಪ್ಪು ಎಳೆದುಕೊಂಡು ಕಟ್ಟಿಕೊಂಡ. ಹೊಸ್ತಿಲ ತುಂಬ ಬೂಟುಗಳು ತಂದು ಸುರಿದಿದ್ದ ಉಪ್ಪಿನ ಹರಳು.

ಮೊದಲ ಎಳೆತಕ್ಕೇ ಕಿರ್ರೆಂದಿತು. ಒಳಗೆ ಬೆಂಚಿನ ಸಾಲಿನಲ್ಲಿ ಆಗಲೇ ಕೂತಿದ್ದ ಹೆಂಗಸರು ಕಿವಿ ಮುಚ್ಚಿಕೊಂಡರು. ಅವನು ನಿಂತ.

“ನಿಲ್ಲಬಾರದು, ಭಾವ. ಹರಕೆ ಅರ್ಧಕ್ಕೆ ಬಿಟ್ರೆ ಮತ್ತೆ ಬಾಗಿಲಿಂದ ಶುರು ಮಾಡ್ಬೇಕು.”

ಅವನು ಮುಂದಕ್ಕೆ ತೆವಳಿದ. ಕಿರ್ರ್. ಮತ್ತೆ ಕಿರ್ರ್. ಪೆಟ್ಟಿಗೆ ಹೆಗಲೇರಿ ಹಿಂದೆ ಬಂತು, ಉಳಿದವರು ಒಳಬಂದು ಸಾಲುಗಳಲ್ಲಿ ಕೂತರು. ಕಡುಗಂದು ಹಲಗೆಯ ಮೇಲೆ ಎರಡು ಬಿಳಿ ಗೀರುಗಳು ಅವನ ಹಿಂದೆಯೇ ಉದ್ದವಾಗುತ್ತ ಹೋದವು.

ಟೊಬಿಯಾಸ್ ದಿಯೊಲಿಂದಾಳ ಪಕ್ಕಕ್ಕೆ ಬಂದ. “ಅಕ್ಕಾ, ಬೆಲ್ಮಿರೊ ಹಾಸಿದ ನೆಲ ಇದು. ಹಾಳಾಯ್ತಲ್ಲಾ.”

“ಆಗ್ಲಿ. ಪ್ರತಿ ಭಾನುವಾರ ಎಲ್ಲರೂ ನೋಡ್ಲಿ.” ಹಾಗೆ ಹೇಳುವಾಗ ಅವಳಿಗೆ ಅಳು ಬಂತು. ಅಂದಿನ ಮಟ್ಟಿಗೆ ಅದೇ ಮೊದಲ ಅಳು.

ಬಲಿಪೀಠದ ಮುಂದೆ ಜಿಲ್ಬರ್ಟೊಗೆ ಏಳಲಾಗಲಿಲ್ಲ. “ಯಾರಾದ್ರೂ ಕೈ ಕೊಡ್ರೋ,” ಎಂದು ತೋಳು ಚಾಚಿದ. ಕಸುಬಿನವರು ಒಬ್ಬೊಬ್ಬರಾಗಿ ಎದ್ದು ಸಾಲಿನಿಂದ ಹೊರಬಂದರು. ಆದರೆ ಅವನ ಹತ್ತಿರ ಯಾರೂ ಹೋಗಲಿಲ್ಲ. ನೆಲದ ಮೇಲೆ ಬಗ್ಗಿ, ಅಂದು ಊಟದ ಕೋಣೆಯಲ್ಲಿ ಕಂಡಂಥದೇ ಆ ಗೀರಿನ ಉದ್ದಕ್ಕೂ ಹೆಬ್ಬೆರಳು ಎಳೆದು ನೋಡುತ್ತಿದ್ದರು.