ಪೆಟ್ಟಿಗೆಯ ಮೇಲಿನ ಟವಲು

"ಅವ್ವಾ, ಮೋಟ್ರು ಯಾಕೆ ಗುಂಯ್ ಅಂತಾದೆ? ಇವ್ರಿನ್ನೂ ಒಳಗವ್ರೆ!"

ಫೋನಿನಲ್ಲಿ ಬೈರಮ್ಮನ ದನಿ ಕೇಳಿದಾಗ ಹೇಮಶ್ರೀ ಟೀ ಲೋಟ ಬಾಯಿಗಿಡುವುದರಲ್ಲಿದ್ದಳು. ಮೋಟಾರು ಚಾಲು ಮಾಡಿ ಅರ್ಧ ನಿಮಿಷವೂ ಆಗಿರಲಿಲ್ಲ.

"ಯಾರಕ್ಕ ಒಳಗೆ?"

"ನಮ್ಮನೆಯೋರು ಕಣವ್ವ! ಪೈಪೊಳಗೆ ಜೊಂಡು ತಗೀತಾವ್ರೆ. ಪೆಟ್ಗೆ ಮ್ಯಾಲೆ ಟವಲ್ಲು ಹಾಕೇ ಇಳಿದವ್ರೆ, ನೋಡ್ನಿಲ್ವಾ ನೀನು?"

ನೋಡಲು ಅವಳು ಅಲ್ಲಿದ್ದರೆ ತಾನೆ! ನದಿಯಿಂದ ಮೂರು ಕಿಲೋಮೀಟರ್ ದೂರದಲ್ಲಿ, ಊರಿನ ಏತ ನೀರಾವರಿ ಸಂಘದ ಕೋಣೆಯಲ್ಲಿ, ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಅವಳಪ್ಪ ರಂಗಸ್ವಾಮಿ ಇಪ್ಪತ್ತೆರಡು ವರ್ಷ ಹೇಮಾವತಿಯ ದಡದ ಪಂಪ್‌ಹೌಸಿನಲ್ಲೇ ಕೂತು ಮೋಟಾರು ನಡೆಸಿದವನು. ಅಲ್ಲಿನ ಪಂಪಿನ ಬಾವಿಗೆ ಇಳಿಯುವವನು ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ತನ್ನ ಟವಲು ಹಾಕಿ ಇಳಿಯಬೇಕು. ಅವನೇ ಬಂದು ತೆಗೆಯುವವರೆಗೆ ಯಾರೂ ಸ್ವಿಚ್ಚಿಗೆ ಕೈ ಹಚ್ಚಬಾರದು. ಅದು ಅಲ್ಲಿನ ಕಟ್ಟಳೆ. ಒಮ್ಮೆ ಯಾರೋ ಟವಲು ತೆಗೆಯಲು ಮರೆತು ಊಟಕ್ಕೆ ಹೋಗಿಬಿಟ್ಟಾಗ ರಂಗಸ್ವಾಮಿ ಊರಿನವರಿಂದೆಲ್ಲ ಬೈಸಿಕೊಂಡು ಸಂಜೆಯವರೆಗೂ ನೀರೆತ್ತದೆ ಕೂತಿದ್ದನಂತೆ.

ಮಂಡಿನೋವೆಂದು ಅವನು ಕೆಲಸ ಬಿಟ್ಟ ಮೇಲೆ ಮಗಳು ಮೋಟಾರನ್ನು ಊರಿನಿಂದಲೇ ನಡೆಸಲು ಪೆಟ್ಟಿಗೆಗೆ ಸಿಮ್ ಹಾಕಿಸಿದಳು, ತಾನೇ ಸ್ಕ್ರಿಪ್ಟ್ ಬರೆದಳು, ಕಂಡವರು ಕೈಯಾಡಿಸದಂತೆ ಬೀಗ ಜಡಿದು ಕೀಲಿಯನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು. ಸಂಘದವರು ಹೊಗಳಿದ್ದೇ ಹೊಗಳಿದ್ದು. ಟವಲಿನ ನೆನಪು ಒಬ್ಬರಿಗೂ ಬರಲಿಲ್ಲ, ಅವಳಿಗೂ ಬರಲಿಲ್ಲ. ದಿನಾ ಕರೆಂಟು ಬೆಳಿಗ್ಗೆ ಆರಕ್ಕೆ ಬರುತ್ತಿತ್ತು, ಬೈರಮ್ಮನ ಗಂಡ ಕುಳ್ಳಯ್ಯ ಜೊಂಡು ತೆಗೆಯಲು ಬಾವಿಗಿಳಿಯುತ್ತಿದ್ದುದು ಹನ್ನೊಂದಕ್ಕೆ. ಇವತ್ತು ಕರೆಂಟೇ ಹನ್ನೊಂದಕ್ಕೆ ಬಂದಿತ್ತು.

ಮೋಟಾರು ನೀರೆಳೆಯುವ ಮೊದಲು ನಾಲ್ಕು ನಿಮಿಷ ಬರೀ ಗಾಳಿ ಎಳೆಯುತ್ತದೆ. ಬೈರಮ್ಮನಿಗೆ ಕೇಳಿಸಿದ್ದು ಆ ಸದ್ದು. ಅದು ಮುಗಿದರೆ ನದಿಯ ನೀರು ಬಾವಿಗೆ ಬರುವ ಸಿಮೆಂಟು ಪೈಪಿನೊಳಕ್ಕೆ ನುಗ್ಗುತ್ತದೆ. ಕುಳ್ಳಯ್ಯ ಅದರೊಳಗೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿದ್ದ. ಅಲ್ಲಿ ತಿರುಗಲು ಜಾಗವಿಲ್ಲ, ಹಿಮ್ಮುಖವಾಗಿಯೇ ಬರಬೇಕು.

"ಕೂಗಕ್ಕ, ಈಚ್ಗೆ ಬರಕ್ಕೇಳು! ನಾನು ಆಫ್ ಮಾಡ್ತೀನಿ."

ನಿಲ್ಲಿಸುವ ಸ್ಕ್ರಿಪ್ಟ್ ಓಡಿಸಿದಳು. ಕನೆಕ್ಷನ್ ಸಿಗಲಿಲ್ಲ ಎಂದಿತು ಪರದೆ. ಮತ್ತೆ ಓಡಿಸಿದಳು. ಮತ್ತೆ ಅದೇ ಸಾಲು.

ತಪ್ಪು ಎಲ್ಲಿದೆಯೆಂದು ಆ ಕ್ಷಣವೇ ಅವಳಿಗೆ ಹೊಳೆದಿತ್ತು, ಹೆದರಿಕೆ ಇನ್ನೂ ಹೆಚ್ಚಿದ್ದು ಅದಕ್ಕೇ. ಸ್ಕ್ರಿಪ್ಟಿನಲ್ಲಿ ಚಾಲು ಮಾಡುವ ಭಾಗ, ಅಂದರೆ ಆ ಫಂಕ್ಷನ್, ತನ್ನ ಪಾಡಿಗೆ ಪೆಟ್ಟಿಗೆಯ ಜೊತೆ ಒಂದು ಕನೆಕ್ಷನ್ ತೆರೆಯುತ್ತಿತ್ತು, ನಿಲ್ಲಿಸುವ ಫಂಕ್ಷನ್ ತನ್ನ ಪಾಡಿಗೆ ಇನ್ನೊಂದು. ಮೊದಲನೆಯದು ಕೆಲಸ ಮುಗಿದ ಮೇಲೆ ಅದನ್ನು ಮುಚ್ಚದೆ ಹಾಗೇ ಬಿಟ್ಟು ಹೋಗುತ್ತಿತ್ತು. ಪೆಟ್ಟಿಗೆಯೋ ಒಂದು ಸಲಕ್ಕೆ ಒಬ್ಬರ ಮಾತು ಮಾತ್ರ ಕೇಳುವಂಥದು. ಇತ್ತಲಿನವರು ಫೋನಿಡದೆ ಎದ್ದುಹೋದರೂ ಅದು ಮೂರು ನಿಮಿಷ ರಿಸೀವರ್ ಹಿಡಿದು ಕಾಯುತ್ತಿತ್ತು. ಆರಕ್ಕೆ ಚಾಲು ಮಾಡಿ ಒಂಬತ್ತಕ್ಕೆ ನಿಲ್ಲಿಸುವಾಗ ಇದೆಲ್ಲ ಯಾರ ಗಮನಕ್ಕೆ ಬರಬೇಕು?

"ಎಷ್ಟು ಬಡ್ಕಂಡ್ರೂ ಕೇಳ್ತಿಲ್ಲ ಕಣವ್ವಾ! ಬೀಗ ಒಡೆದಾಕ್ಲಾ?"

"ಒಡಿ! ಒಡೆದು ಕೆಂಪು ಗುಂಡಿ ಒತ್ತು!"

ಫೋನಿನಲ್ಲಿ ಬೀಗದ ಮೇಲೆ ಕಲ್ಲು ಬೀಳುವ ಸದ್ದು ಬರತೊಡಗಿತು. ಒಳ್ಳೆಯ ಬೀಗವೇ ಬೇಕೆಂದು ಹೇಮಶ್ರೀ ಕೆ.ಆರ್. ಪೇಟೆಯಲ್ಲಿ ನಾಲ್ಕು ಅಂಗಡಿ ಅಲೆದು ತಂದಿದ್ದಳು. ಸ್ಕೂಟರ್ ಹತ್ತಿದರೆ ಎಂಟು ನಿಮಿಷದ ದಾರಿ. ಅವಳು ಕೀಲಿಮಣೆಯ ಮೇಲೆ ಬಗ್ಗಿದಳು.

ಕನೆಕ್ಷನ್ ಅನ್ನು ಫಂಕ್ಷನ್‌ಗಳ ಹೊರಗೆ, ಎಲ್ಲಕ್ಕಿಂತ ಮೇಲೆ, ಒಂದೇ ಸಲ ತೆರೆಯಬೇಕು. ಅದನ್ನೇ ನಿಲ್ಲಿಸುವ ಫಂಕ್ಷನ್ನಿನ ಕೈಗೆ ಕೊಡಬೇಕು, ನಿಂತಿತೇ ಎಂದು ಕೇಳುವ ಫಂಕ್ಷನ್ನಿಗೂ ಅದನ್ನೇ ಕೊಡಬೇಕು. ನಡುವೆ ಯಾರೂ ಮುಚ್ಚಕೂಡದು. ನದಿಯ ಹತ್ತಿರ ಸಿಗ್ನಲ್ ಬಂದು ಬಂದು ಹೋಗುತ್ತದೆ. ನಿಲ್ಲಿಸು ಎಂಬ ಮಾತು ದಾರಿಯಲ್ಲಿ ಕಳೆದು, ಕನೆಕ್ಷನ್ನೂ ಕೈಬಿಟ್ಟರೆ ಮತ್ತೆ ಮೂರು ನಿಮಿಷ. ಕುಳ್ಳಯ್ಯನಿಗೆ ಅಷ್ಟು ಹೊತ್ತಿರಲಿಲ್ಲ. ಹತ್ತು ಸಾಲು ಬರೆಯುವುದರಲ್ಲಿ ಬೆರಳು ನಾಲ್ಕು ಸಲ ತಪ್ಪಿತು. 'ದೇವರೇ, ದೇವರೇ' ಎನ್ನುತ್ತಿದ್ದವಳು ತಾನೇ ಎಂಬುದು ಅವಳಿಗೆ ತಡವಾಗಿ ತಿಳಿಯಿತು.

ಓಡಿಸಿದಳು. ಸಿಗಲಿಲ್ಲ. ಸಿಗಲಿಲ್ಲ. ಗಡಿಯಾರದಲ್ಲಿ ಮೂರು ನಿಮಿಷ ದಾಟಿತು. ಸಿಕ್ಕಿತು.

ನಿಲ್ಲಿಸು ಎಂದು ಕಳಿಸಿದಳು. ಉತ್ತರವಿಲ್ಲ. ಹಳೆಯ ಸ್ಕ್ರಿಪ್ಟ್ ಆಗಿದ್ದರೆ ಇಷ್ಟಕ್ಕೇ ಕೈತೊಳೆದುಕೊಂಡು ಹೋಗಿರುತ್ತಿತ್ತು. ಕನೆಕ್ಷನ್ ತೆರೆದೇ ಇತ್ತು. ಅದರಲ್ಲೇ ಎರಡನೆಯ ಸಲ ಕಳಿಸಿದಳು, ಮೂರನೆಯ ಸಲ ಕಳಿಸಿದಳು. 'ನಿಂತಿದೆ' ಎಂದಿತು ಪೆಟ್ಟಿಗೆ.

ಫೋನಿನಲ್ಲಿ ಗುಂಯ್ ಎನ್ನುವ ಸದ್ದು ಅಡಗಿತು. ಕಲ್ಲಿನ ಸದ್ದೂ ನಿಂತಿತು. ಮದುವೆಯಾಗಿ ಮೂವತ್ತು ವರ್ಷ ಗಂಡನ ಹೆಸರನ್ನೇ ಬಾಯಿಗೆ ತಾರದ ಬೈರಮ್ಮ "ಕುಳ್ಳಯ್ಯಾ! ಏ ಕುಳ್ಳಯ್ಯಾ!" ಎಂದು ಬಾವಿಯೊಳಕ್ಕೆ ಕೂಗಿದಳು. ಉತ್ತರ ಬಂತೋ ಇಲ್ಲವೋ, ಫೋನು ಕಡಿದುಹೋಯಿತು.

ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ. ಓಡಿಹೋಗೋಣವೆಂದರೆ, ಮೋಟಾರು ಮತ್ತೆ ಚಾಲು ಆದರೆ ಎಂದು ಲ್ಯಾಪ್‌ಟಾಪ್ ಬಿಡಲು ಧೈರ್ಯವಿಲ್ಲ. ಪರದೆ ಮಂಕಾದಾಗಲೆಲ್ಲ ಕನೆಕ್ಷನ್ ಕಡಿದೀತೆಂದು ಹೆದರಿ ಒಂದು ಕೀಲಿ ಮುಟ್ಟುತ್ತಿದ್ದಳು. ಟೀಯ ಮೇಲೆ ಕೆನೆ ಕಟ್ಟಿತು.

ಅರ್ಧ ಗಂಟೆಯಾದ ಮೇಲೆ ಹೊರಗೆ ಮೊಪೆಡ್ ನಿಂತ ಸದ್ದಾಯಿತು. ಬಾಗಿಲಲ್ಲಿ ಕುಳ್ಳಯ್ಯ. ಮೊಣಕೈ ತರಚಿತ್ತು, ತಲೆಯಲ್ಲಿ ಜೊಂಡಿನ ಎಳೆಯಿತ್ತು, ಚಡ್ಡಿಯಿಂದ ಇನ್ನೂ ನೀರು ಇಳಿಯುತ್ತಿತ್ತು. ಕೈಯಲ್ಲಿ ಟವಲಿತ್ತು. ಮೈಯೊರೆಸಿಕೊಂಡಿರಲಿಲ್ಲ, ಅದು ಒಣಗಿಯೇ ಇತ್ತು.

ಹೇಮಶ್ರೀ ದಡಬಡಿಸಿ ಎದ್ದಳು. "ಕುಳ್ಳಯ್ಯಣ್ಣ, ನಾನು..."

"ಬಯ್ಯಕ್ ಬರ್ನಿಲ್ಲ ಬುಡವ್ವ," ಎಂದ ಅವನು. ಹಲ್ಲು ಇನ್ನೂ ಕಟಕಟ ಎನ್ನುತ್ತಿತ್ತು. "ಒಂದ್ಮಾತು ಕೇಳವಾ ಅಂತ ಬಂದೆ. ಇನ್ಮ್ಯಾಲೆ ಇದ್ನ ಎಲ್ಲಿ ಹಾಕ್ಲಿ?"

ಕುಳ್ಳಯ್ಯ ಕೋಣೆಯನ್ನೊಮ್ಮೆ ನೋಡಿದ. ಹತ್ತಿರ ಬಂದು, ಟವಲನ್ನು ಬಿಡಿಸಿ, ಲ್ಯಾಪ್‌ಟಾಪಿನ ಮೇಲೆ ಪರದೆಯೂ ಕೀಲಿಗಳೂ ಮುಚ್ಚುವಂತೆ ಹೊದಿಸಿದ.

"ಜೊಂಡು ಇನ್ನೂ ಅರ್ಧ ಅಂಗೇ ಅದೆ. ವೋಗಿ ಇಳೀತೀನಿ," ಎಂದು ಹೊರಟ.

ಮೊಪೆಡ್ಡಿನ ಸದ್ದು ನದಿಯ ಕಡೆಗೆ ದೂರವಾಯಿತು. ಹೇಮಶ್ರೀ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಟವಲನ್ನೇ ನೋಡುತ್ತ ಕೂತಳು.